ರ‍್ಯಾಂಪ್ ಇದ್ದರೆ ಸಾಲದು, ಅಳತೆ ಸರಿಯಿರಬೇಕು

ಮಾನ್ಯ ಸಂಪಾದಕರೇ,

ಕಚೇರಿ, ಬ್ಯಾಂಕು, ಕಲ್ಯಾಣ ಮಂಟಪಗಳ ಮುಂದೆ ಈಗ ರ‍್ಯಾಂಪ್ ಕಾಣುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ರ‍್ಯಾಂಪ್‌ಗಳನ್ನು ಗಾಲಿಕುರ್ಚಿಯಲ್ಲಿ ಕೂತವರು ತಾವಾಗಿ ಹತ್ತಲಾರರು. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಆರು ಇಂಚಿನ ನಾಲ್ಕು ಮೆಟ್ಟಿಲಿದ್ದರೆ 24 ಅಡಿ. ಕಟ್ಟಡ ಮುಗಿದ ಮೇಲೆ ನೆನಪಾದರೆ ಆರೇಳು ಅಡಿ ಜಾಗವಷ್ಟೇ ಉಳಿದಿರುತ್ತದೆ, ಅಷ್ಟರಲ್ಲೇ ಕಾಂಕ್ರೀಟ್ ಸುರಿಯುತ್ತಾರೆ. ಮೇಲೆ ನುಣುಪು ಗ್ರಾನೈಟ್ ಬೇರೆ! ಮಳೆ ಬಿದ್ದರೆ ಕೋಲೂರಿ ನಡೆಯುವ ಅಜ್ಜಿಗೂ ಅಪಾಯ. ಆದ್ದರಿಂದ ಮೊದಲ ನಕ್ಷೆಯಲ್ಲೇ ಈ ಜಾಗ ಕಾದಿರಿಸಬೇಕು. ಒರಟು ಹಾಸುಗಲ್ಲು, ಎರಡೂ ಬದಿ ಹಿಡಿದು ನಡೆಯಲು ಕಂಬಿ, ಬಾಗಿಲ ಮುಂದೆ ಐದಡಿ ಸಮತಟ್ಟು ಜಾಗ ಇರಲಿ.

ಶೌಚಾಲಯದ ಬಾಗಿಲು ತೆರೆದಾಗ 900 ಮಿ.ಮೀ. ದಾರಿ ಸಿಗಬೇಕು, ಅದು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಕಮೋಡ್ ಪಕ್ಕದ ಖಾಲಿ ಜಾಗ ಗಾಲಿಕುರ್ಚಿ ನಿಲ್ಲಿಸಲು. ಅಲ್ಲಿ ಪೊರಕೆ, ಬಕೆಟ್ ಪೇರಿಸಿಡುವುದು ಅನ್ಯಾಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಅಂಗವಿಕಲರ ಪ್ರವೇಶಕ್ಕಾಗಿ ಕೇಂದ್ರ ಸರ್ಕಾರ ರೂಪಿಸಿದ ನಿಯಮ ಪಾಲಿಸದ ನಕ್ಷೆಗೆ ಅನುಮತಿಯನ್ನೂ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಪಾಲಿಕೆಯ ಎಂಜಿನಿಯರ್‌ಗಳು ಟೇಪು ಹಿಡಿದು ರ‍್ಯಾಂಪ್ ಅಳೆಯಲಿ.

— ಓರ್ವ ವಾಸ್ತುಶಿಲ್ಪಿ, ಮೈಸೂರು