ಅರ್ಧ ದಿನದ ವಿಜಯಪುರ: ಪಾಯಿಂಟ್ ಎಣಿಸಬೇಡಿ, ತಾಸು ಎಣಿಸಿ

ಮಾನ್ಯ ಸಂಪಾದಕರೇ,

ವಿಜಯಪುರದ ರೈಲು ನಿಲ್ದಾಣದಿಂದ ಹೊರಬಂದ ಪ್ರವಾಸಿಗರ ಕಿವಿಗೆ ಮೊದಲು ಬೀಳುವ ಮಾತು: ‘ಎಂಟ್ ಪಾಯಿಂಟ್ ತೋರಸ್ತೀನ್ರಿ ಸಾಹೇಬ್ರ, ಮೂರ್ ತಾಸಿನ್ಯಾಗ ಮುಗಸ್ತೀನಿ.’ ಬೆಳಿಗ್ಗೆ ಇಳಿದು ಮಧ್ಯಾಹ್ನಕ್ಕೆ ಬಾದಾಮಿಗೋ ಪಂಢರಪುರಕ್ಕೋ ಹೊರಡುವವರು ಈ ಮಾತಿಗೆ ಒಪ್ಪುತ್ತಾರೆ. ಸಂಜೆ ಹೊತ್ತಿಗೆ ಅವರ ನೆನಪಿನಲ್ಲಿ ಉಳಿಯುವುದು ಗೋಳಗುಮ್ಮಟದ ಮೆಟ್ಟಿಲು ಮತ್ತು ಗಾಂಧಿ ಚೌಕದ ಟ್ರಾಫಿಕ್ ಮಾತ್ರ. ಅರ್ಧ ದಿನ ಸಾಲದೆ ಹೀಗಾಗುತ್ತದೆ ಎಂಬ ಮಾತನ್ನು ಗೈಡ್, ಚಾಲಕರ ಕಸುಬಿನಲ್ಲೇ ಇರುವ ನಾವು ಒಪ್ಪುವುದಿಲ್ಲ. ಕೆಡುವುದು ಕರಾರು ಮಾಡಿಕೊಳ್ಳುವ ರೀತಿಯಲ್ಲಿ.

ಲೆಕ್ಕ ಹಾಕಿ ನೋಡಿ. ಮೂರು ತಾಸೆಂದರೆ 180 ನಿಮಿಷ. ಊರೊಳಗಿನ ಓಡಾಟ, ವಾಹನ ನಿಲ್ಲಿಸುವುದು, ಟಿಕೆಟ್ ತೆಗೆಸುವುದಕ್ಕೆ ಕಡಿಮೆಯೆಂದರೂ 45 ನಿಮಿಷ ಹೋಗುತ್ತದೆ. ಉಳಿದ 135 ನಿಮಿಷವನ್ನು ಎಂಟು ಜಾಗಕ್ಕೆ ಹಂಚಿದರೆ ಒಂದೊಂದಕ್ಕೆ 17 ನಿಮಿಷವೂ ಬರುವುದಿಲ್ಲ. ಗೋಳಗುಮ್ಮಟದ ಮೂಲೆ ಗೋಪುರದ ಏಳು ಅಂತಸ್ತು ಹತ್ತಿ ಮೇಲೆ ಹೋಗುವುದಕ್ಕೇ ನಡುವಯಸ್ಸಿನವರಿಗೆ ಅಷ್ಟು ಹೊತ್ತು ಬೇಕು. ಪಾಯಿಂಟ್ ಲೆಕ್ಕದಲ್ಲಿ ಬಾಡಿಗೆ ಕುದುರಿದಾಗ ಚಾಲಕನ ಲಾಭ ಬೇಗ ಮುಗಿಸುವುದರಲ್ಲಿರುತ್ತದೆ, ಪ್ರವಾಸಿಯ ಲಾಭ ನಿಧಾನವಾಗಿ ನೋಡುವುದರಲ್ಲಿ. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ಎಳೆದಾಡುತ್ತಾರೆ. ತಾಸಿನ ಲೆಕ್ಕದಲ್ಲಿ ಕುದುರಿದರೆ ಈ ಜಗ್ಗಾಟವೇ ಇರುವುದಿಲ್ಲ.

ಗ್ರೀಸ್ ದೇಶದ ಸಾಂಟೊರಿನಿ, ರೋಡ್ಸ್ ದ್ವೀಪಗಳಲ್ಲಿ ಈ ವ್ಯವಹಾರ ಹೇಗೆ ನಡೆಯುತ್ತದೆಂದು ನೋಡುವುದು ಒಳ್ಳೆಯದು. ಅಲ್ಲಿಗೆ ಬರುವ ದೊಡ್ಡ ಹಡಗುಗಳ ಪ್ರಯಾಣಿಕರಿಗೂ ಸಿಗುವುದು ಕೆಲವೇ ತಾಸು. ಅವರಿಗಾಗಿ ಅರ್ಧ ದಿನದ ಖಾಸಗಿ ಟೂರ್ ಎಂಬ ಪದ್ಧತಿಯೇ ಬೆಳೆದಿದೆ. ಮಾರಾಟವಾಗುವುದು ತಾಸು, ಏನು ನೋಡಬೇಕೆಂಬುದು ಪ್ರವಾಸಿಯ ಇಷ್ಟ, ಯಾವುದನ್ನು ಯಾವಾಗ ನೋಡಬೇಕೆಂಬುದು ಚಾಲಕನ ಅನುಭವ. ಸಾಂಟೊರಿನಿಯ ಓಯಾ ಹಳ್ಳಿಯಲ್ಲಿ ಸೂರ್ಯಾಸ್ತದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಗೊತ್ತಿರುವ ಚಾಲಕ ಬೆಳಿಗ್ಗೆಯೇ ಅಲ್ಲಿಗೆ ಕರೆದೊಯ್ಯುತ್ತಾನೆ. ಇನ್ನೊಂದು ಕಟ್ಟುನಿಟ್ಟೂ ಇದೆ: ಪ್ರಾಚೀನ ಸ್ಥಳಗಳ ಒಳಗೆ ನಿಂತು ವಿವರಿಸುವ ಹಕ್ಕು ಪರವಾನಗಿ ಪಡೆದ ಗೈಡ್‌ಗೆ ಮಾತ್ರ, ಚಾಲಕ ಹೊರಗೇ ನಿಲ್ಲಬೇಕು. ನಮ್ಮಲ್ಲಿ ಹಡಗಿಲ್ಲ, ಆದರೆ ಅದೇ ಅವಸರದ ಪ್ರವಾಸಿ ರೈಲಿನಿಂದ, ಬಸ್ಸಿನಿಂದ ಇಳಿಯುತ್ತಾನೆ.

ವಿಜಯಪುರದ ಭೂಗೋಳ ಅರ್ಧ ದಿನಕ್ಕೆ ಹೇಳಿ ಮಾಡಿಸಿದಂತಿದೆ. ಪೂರ್ವದ ಕೋಟೆಗೋಡೆಯ ಬಳಿ ಗೋಳಗುಮ್ಮಟ, ನಡುವೆ ಜುಮ್ಮಾ ಮಸೀದಿ, ಮೆಹತರ್ ಮಹಲ್, ಗಗನ ಮಹಲ್, ಬಾರಾ ಕಮಾನ, ಪಶ್ಚಿಮದ ಗೋಡೆಯ ಮೇಲೆ ಮಲಿಕ್-ಎ-ಮೈದಾನ ತೋಪು, ಗೋಡೆ ದಾಟಿದರೆ ಸಮಾಧಿ, ಮಸೀದಿ ಎರಡೂ ಇರುವ ಇಬ್ರಾಹಿಂ ರೋಜಾ. ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಮುಗಿಸಿದರೆ ಒಂದೇ ರಸ್ತೆಯಲ್ಲಿ ಎರಡು ಸಲ ಹೋಗುವ ಪ್ರಸಂಗ ಬರುವುದಿಲ್ಲ. ಅಷ್ಟಾದರೂ ಹಲವು ಆಟೊಗಳು ಗೋಳಗುಮ್ಮಟ, ರೋಜಾ, ಮತ್ತೆ ಮಸೀದಿ ಎಂದು ಊರಿನ ಉದ್ದಕ್ಕೂ ಅಲೆಯುತ್ತವೆ. ದೊಡ್ಡ ಹೆಸರಿನ ಎರಡನ್ನು ಮೊದಲು ಮುಗಿಸಿಬಿಟ್ಟರೆ ಪ್ರವಾಸಿ ದಣಿದು ‘ಉಳಿದದ್ದು ಸಾಕು’ ಎನ್ನುತ್ತಾನೆ, ಬಾಡಿಗೆ ಮಾತ್ರ ಪೂರ್ತಿ ಬರುತ್ತದೆ ಎಂಬುದು ಇದರ ಹಿಂದಿನ ಗುಟ್ಟು.

ಬೆಳಗಿನ ಟೂರ್ ಆದರೆ ಗೋಳಗುಮ್ಮಟದಿಂದಲೇ ಶುರುವಾಗಬೇಕು, ಅದೂ ಗೇಟು ತೆರೆದ ಕೂಡಲೇ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ, ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಆ ಭಾರವನ್ನು ಹೊತ್ತಿವೆ. ಕೆಳಗಿನ ಹಜಾರದಲ್ಲಿ ಕಾಣುವ ಗೋರಿಗಳು ಬರೀ ಗುರುತು, ನಿಜವಾದ ಗೋರಿಗಳು ಅದರಡಿಯ ನೆಲಮನೆಯಲ್ಲಿವೆ. ಇದನ್ನೆಲ್ಲ ಕೆಳಗೆ ನಿಂತೇ ನೋಡಬಹುದು. ಮೇಲೆ ಹತ್ತುವುದು ಪಿಸುಗುಟ್ಟುವ ಗ್ಯಾಲರಿಗಾಗಿ, ಮತ್ತು ಬಂದವರಲ್ಲಿ ಬಹುತೇಕರಿಗೆ ಅದು ದಕ್ಕುವುದೇ ಇಲ್ಲ.

ಕಾರಣ ಸರಳ. ಗ್ಯಾಲರಿಯಲ್ಲಿ ಸದ್ದು ಬಾಗಿದ ಗೋಡೆಯ ಗುಂಟ ಸಾಗಿ ಆಚೆ ಬದಿಗೆ ಮುಟ್ಟುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರುದನಿಯಾಗಿ ಬರುತ್ತದೆ. ಹತ್ತು ಜನ ಒಟ್ಟಿಗೆ ಕೂಗಿದರೆ ಹಿಂದಿನ ಮರುದನಿ ಅಡಗುವ ಮೊದಲೇ ಮುಂದಿನದು ಬಂದು ಸೇರಿ ಎಲ್ಲವೂ ಗದ್ದಲವಾಗುತ್ತದೆ. ಪ್ರವಾಸದ ಹಂಗಾಮಿನಲ್ಲಿ ಶಾಲಾ ಬಸ್ಸುಗಳು ಬಂದು ನಿಂತ ಮೇಲಂತೂ ಪಿಸುಮಾತಿನ ಆಸೆ ಬಿಡುವುದೇ ವಾಸಿ. ಗ್ಯಾಲರಿ ಖಾಲಿ ಇರುವಾಗ ಒಬ್ಬರು ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಮಾತಾಡಬೇಕು, ಇನ್ನೊಬ್ಬರು ಸರಿಯಾಗಿ ಎದುರು ಬದಿಯಲ್ಲಿ, ಅಂದರೆ ಸುಮಾರು 38 ಮೀಟರ್ ಆಚೆ, ಕಿವಿಯನ್ನು ಗೋಡೆಗೆ ಹತ್ತಿರವಿಟ್ಟು ನಿಲ್ಲಬೇಕು. ನಡುವಿನ ಖಾಲಿ ಜಾಗಕ್ಕೆ ಮುಖ ಮಾಡಿ ಕೂಗುವುದು ಎಲ್ಲರೂ ಮಾಡುವ ತಪ್ಪು. ಮೆಟ್ಟಿಲುಗಳು ಇಕ್ಕಟ್ಟು, ಎತ್ತರವೂ ಹೆಚ್ಚು. ಎದುರಿನಿಂದ ಇಳಿಯುವವರು ಬಂದರೆ ನಿಂತು ದಾರಿ ಬಿಡಬೇಕಾಗುತ್ತದೆ. ಮಂಡಿನೋವಿನವರನ್ನು ‘ಬರ್ರಿ ಅಜ್ಜಾರ, ಏನಾಗಲ್ಲ’ ಎಂದು ಹತ್ತಿಸುವ ಗೈಡ್‌ಗಳು ನಮ್ಮಲ್ಲೇ ಇದ್ದಾರೆ. ಅದು ತಪ್ಪು.

ಜನವರಿಯಲ್ಲಿ ಸೂರ್ಯ ಹುಟ್ಟುವುದೇ 7ರ ಆಸುಪಾಸು. ಆಗ ತೀರಾ ಮುಂಚೆ ಹೋಗಿ ಕತ್ತಲಲ್ಲಿ ಮೆಟ್ಟಿಲು ಹತ್ತುವುದರಲ್ಲಿ ಅರ್ಥವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇದಕ್ಕೆ ತದ್ವಿರುದ್ಧ: 10 ಗಂಟೆಯೊಳಗೆ ಹತ್ತುವ ಕೆಲಸವೆಲ್ಲ ಮುಗಿದಿರಬೇಕು. ನಸುಕಿನಲ್ಲಿ ಹೋದವರಿಗೆ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ತಪ್ಪುತ್ತದೆ, ಅದು ತೆರೆಯುವುದು ತಡವಾಗಿ. ಶುಕ್ರವಾರವಂತೂ ಅದಕ್ಕೆ ರಜೆ. ಶಾಸನ, ಆಯುಧ, ಚೀನೀ ಪಿಂಗಾಣಿ ನೋಡಲೇಬೇಕೆನ್ನುವವರು ಮಧ್ಯಾಹ್ನದ ಟೂರ್ ಆರಿಸಿಕೊಳ್ಳಬೇಕು. ಪಿಸುಮಾತು, ಸಂಗ್ರಹಾಲಯ ಎರಡೂ ಒಂದೇ ಅರ್ಧ ದಿನದಲ್ಲಿ ಸಿಗುವುದು ಅಪರೂಪ.

ಬೆಳಗಿನ ದಾರಿಗೆ ಹಿಡಿಯುವ ಹೊತ್ತು ಹೀಗೆ: ಗೋಳಗುಮ್ಮಟ 90 ನಿಮಿಷ, ಜುಮ್ಮಾ ಮಸೀದಿ 30, ಮೆಹತರ್ ಮಹಲ್ 10, ಗಗನ ಮಹಲ್ ಮತ್ತು ಬಾರಾ ಕಮಾನ ಸೇರಿ 25, ತೋಪು ಮತ್ತು ಅದರ ಹತ್ತಿರದ ಕಾವಲು ಗೋಪುರ ಉಪ್ಲಿ ಬುರುಜು 35, ಇಬ್ರಾಹಿಂ ರೋಜಾ 60. ಕೂಡಿದರೆ 250. ಓಡಾಟದ 45 ಸೇರಿಸಿದರೆ 295 ನಿಮಿಷ, ಅಂದರೆ ಐದು ತಾಸಿಗೆ ಐದು ನಿಮಿಷ ಕಡಿಮೆ. ಇದರಲ್ಲಿ ನಾಷ್ಟಾ ಲೆಕ್ಕಕ್ಕಿಲ್ಲ. ಬಾಡಿಗೆ ಕಾರಿನವರು ಕೊಡುವ ರೂಢಿಯ ಪ್ಯಾಕೇಜು 4 ತಾಸು, 40 ಕಿ.ಮೀ. ಹಾಗಾಗಿ ಏನನ್ನಾದರೂ ಬಿಡಲೇಬೇಕು. ಏನು ಬಿಡಬೇಕೆಂದು ಹೊರಡುವ ಮೊದಲೇ ಮಾತಾಡಿಕೊಳ್ಳುವುದೇ ಖಾಸಗಿ ಟೂರಿಗೆ ಹಣ ಕೊಡುವುದರ ಪ್ರಯೋಜನ.

ಹಿರಿಯರಿರುವ ಕುಟುಂಬವಾದರೆ ಗೋಳಗುಮ್ಮಟವನ್ನು ಕೆಳಗಿನಿಂದಲೇ 40 ನಿಮಿಷದಲ್ಲಿ ನೋಡಿ, ಉಪ್ಲಿ ಬುರುಜು ಪೂರ್ತಿ ಬಿಡಬಹುದು. 1584ರ ಆ ಬುರುಜು ಸುಮಾರು 24 ಮೀಟರ್ ಎತ್ತರ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡಿದೆ, ಹನಿ ನೆರಳೂ ಇಲ್ಲ. ಮಕ್ಕಳಿದ್ದರೆ ಬುರುಜು ಇರಲಿ, ಮೇಲಿನ ಉದ್ದನೆಯ ಕಬ್ಬಿಣದ ತೋಪು ಅವರಿಗೆ ಹಬ್ಬ. ವಾಸ್ತುಶಿಲ್ಪ ಓದುವವರು ಬಂದರೆ ನಡುವಿನ ಎರಡು ಜಾಗ ಬಿಟ್ಟು ರೋಜಾಕ್ಕೆ ಎರಡು ತಾಸು ಕೊಡಿ. ನೀರಿನ ವ್ಯವಸ್ಥೆಯಲ್ಲಿ ಆಸಕ್ತಿಯಿದ್ದವರಿಗೆ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿ ಪಶ್ಚಿಮದ ದಾರಿಯಲ್ಲೇ ಸಿಗುತ್ತದೆ. ಅದೇ ಆಸಕ್ತಿಯವರು ಕುಮಟಗಿಯ ಜಲಮಹಲುಗಳನ್ನೂ ಕೇಳುತ್ತಾರೆ. ಸಿಂದಗಿ ರಸ್ತೆಯಲ್ಲಿ ಅಲ್ಲಿಗೆ ಹೋಗಿ ಬರುವುದೇ 30 ಕಿ.ಮೀ. ಮೀರುತ್ತದೆ, 40 ಕಿ.ಮೀ. ಪ್ಯಾಕೇಜಿನಲ್ಲಿ ಊರು ನೋಡಲು ಏನೂ ಉಳಿಯುವುದಿಲ್ಲ. ‘ನಡುವ ಹೋಗಿ ಬಂದ್ಬಿಡೂಣು’ ಎಂದು ದಾರಿಯಲ್ಲಿ ಸೇರಿಸಿಕೊಂಡ ಕುಮಟಗಿಯೇ ಲೆಕ್ಕದ ಜಗಳಕ್ಕೆ ಮೂಲ.

ರೋಜಾದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅವಸರದಲ್ಲಿ ಹೆಚ್ಚು ಅನ್ಯಾಯವಾಗುವುದು ಅದಕ್ಕೇ. ಎರಡನೆಯ ಇಬ್ರಾಹಿಂ ಆದಿಲ್ ಶಾಹ 1627ರಲ್ಲಿ ತೀರಿಕೊಂಡ. ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಅವನ ಸಮಾಧಿ, ಪಶ್ಚಿಮಕ್ಕೆ ಮಸೀದಿ, ಎರಡೂ ಎದುರುಬದುರು. ಆದ್ದರಿಂದ ಬೆಳಗಿನ ಬಿಸಿಲು ಬೀಳುವುದು ಮಸೀದಿಯ ಮುಖದ ಮೇಲೆ, ಸಮಾಧಿಯ ಮುಖ ನೆರಳಲ್ಲಿರುತ್ತದೆ. ಮಸೀದಿಯ ಕಡೆಯಿಂದ ಸಮಾಧಿಯ ಫೋಟೊ ಬೇಕಾದವರಿಗೆ ಸಂಜೆ 4ರ ನಂತರವೇ ಸರಿ. ಬೆಳಿಗ್ಗೆ ಬಂದವರು ಫೋಟೊದ ಚಿಂತೆ ಬಿಟ್ಟು ಸಮಾಧಿಯ ಹೊರಗೋಡೆಯನ್ನು ಒಂದು ಸುತ್ತು ಬರಲಿ: ಕಿಟಕಿಯ ಜಾಲಂಧ್ರವೇ ಅರಬ್ಬಿ ಅಕ್ಷರಗಳು, ಕಲ್ಲನ್ನು ಕೊರೆದು ಅಕ್ಷರದ ಸುತ್ತಲಿಂದ ಬೆಳಕು ಒಳಗೆ ಹೋಗುವಂತೆ ಮಾಡಿದ್ದಾರೆ. ಒಳಗಿನ ಕೋಣೆಯ ಚಾವಣಿ ನಡುವೆ ಸಪಾಟು, ಕೆಳಗೆ ಆಸರೆಯ ಕಂಬವಾಗಲಿ ತೊಲೆಯಾಗಲಿ ಕಾಣದು. ಗಾರೆಯ ಹಿಡಿತದಲ್ಲೇ ಕಲ್ಲುಗಳು ನಿಂತಿವೆ. ಅದನ್ನು ತೋರಿಸದೆ ‘ತಾಜ್ ಮಹಲಿಗೆ ಇದೇ ಮಾದರಿ’ ಎಂದಷ್ಟೇ ಹೇಳಿ ಹೊರಗೆ ಕರೆತರುವ ಗೈಡ್‌ಗೆ ಕೊಟ್ಟ ದುಡ್ಡು ದಂಡ.

ಮಲಿಕ್-ಎ-ಮೈದಾನ ತೋಪಿಗೆ ಕಾಲು ತಾಸು ಸಾಕು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಇದರ ತೂಕ ಸುಮಾರು 55 ಟನ್. ಬಾಯಿಯನ್ನು ಆನೆ ನುಂಗುವ ಸಿಂಹದ ರೂಪದಲ್ಲಿ ಕೆತ್ತಿದ್ದಾರೆ. ಕಂಚಿನ ನಾದ ಕೇಳಿಸುತ್ತೇನೆಂದು ಕಲ್ಲಿನಿಂದ ಕುಟ್ಟಿ ತೋರಿಸುವವರನ್ನು ಪ್ರವಾಸಿಗರೇ ತಡೆಯಬೇಕು.

ಜುಮ್ಮಾ ಮಸೀದಿಯಲ್ಲಿ ನಿತ್ಯ ಪ್ರಾರ್ಥನೆ ನಡೆಯುತ್ತದೆ. ಶುಕ್ರವಾರ ನಡುಹಗಲು ಹೊರಗಿನವರು ಹೋಗಬಾರದು. ಪಾದರಕ್ಷೆ ಬಿಟ್ಟೇ ನಡೆಯಬೇಕಾದ್ದರಿಂದ ಬೇಸಿಗೆಯಲ್ಲಿ 11ರ ನಂತರ ಅಂಗಳದ ಕಲ್ಲು ಕಾದ ಹಂಚಾಗಿರುತ್ತದೆ, ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದರಂತೆ ಬರೆದ 2,250 ಪ್ರಾರ್ಥನಾ ಚೌಕಗಳನ್ನು ತುಳಿದು ಸೆಲ್ಫಿ ತೆಗೆಯುವುದು ಬೇಡ.

ಇನ್ನು ವಾಹನ. ಮೆಹತರ್ ಮಹಲ್ ಸುತ್ತಲಿನ ಓಣಿಗಳಿಗೆ ದೊಡ್ಡ ಕಾರಿಗಿಂತ ಆಟೊ ಒಳ್ಳೆಯದು. ಟಾಂಗಾ ಏರುವ ಆಸೆಯಿದ್ದರೆ ಗೋಳಗುಮ್ಮಟದಿಂದ ಮಸೀದಿಯವರೆಗೆ ಸಾಕು, ಬಿಸಿಲೇರಿದ ಮೇಲೆ ಕುದುರೆಯನ್ನು ಊರ ತುಂಬ ಓಡಿಸಬಾರದು. ಕಾರು ಹಿಡಿಯುವುದಾದರೆ ಹಳದಿ ಬೋರ್ಡಿನದೇ ಇರಲಿ. ಬಿಳಿ ಬೋರ್ಡಿನ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರ ಜಾತ್ರೆಯಲ್ಲಿ ನಡುಊರಿನ ದಾರಿಗಳು ತುಂಬಿರುತ್ತವೆ, ಆ ದಿನಗಳಲ್ಲಿ ಮೇಲಿನ 45 ನಿಮಿಷವನ್ನು ಎರಡು ಪಟ್ಟು ಮಾಡಿಕೊಳ್ಳಿ.

ಹೊರಡುವ ಮೊದಲು ಬಾಯಿಮಾತಿನಲ್ಲಿ ಬಿಡದೆ ಮೊಬೈಲಿನಲ್ಲಿ ಬರೆದು ಕಳಿಸಿಕೊಳ್ಳಬೇಕಾದವು: ತಾಸು ಎಲ್ಲಿಂದ ಶುರು, ಪ್ರವಾಸಿ ಹತ್ತಿದಾಗಿನಿಂದಲೋ ಗಾಡಿ ಗ್ಯಾರೇಜು ಬಿಟ್ಟಾಗಿನಿಂದಲೋ, 4 ತಾಸು ಮೀರಿದರೆ ಪ್ರತಿ ತಾಸಿಗೆ ಎಷ್ಟು, ಪಾರ್ಕಿಂಗ್ ಯಾರದು, ಗೈಡ್ ಹಣ ಸೇರಿದೆಯೇ, ಕೊನೆಗೆ ಎಲ್ಲಿ ಇಳಿಸುವುದು. ಕೊನೆಯದನ್ನು ಯಾರೂ ಕೇಳುವುದಿಲ್ಲ. ಟೂರು ಊರಿನ ಪಶ್ಚಿಮದ ರೋಜಾದಲ್ಲಿ ಮುಗಿಯುತ್ತದೆ, ರೈಲು ನಿಲ್ದಾಣ ಪೂರ್ವಕ್ಕಿದೆ. ಪ್ರವೇಶದ ಟಿಕೆಟ್ ಗೋಳಗುಮ್ಮಟಕ್ಕೂ ರೋಜಾಕ್ಕೂ ಬೇರೆ ಬೇರೆ: ಭಾರತೀಯರಿಗೆ ತಲಾ 25 ರೂಪಾಯಿ, ವಿದೇಶಿಯರಿಗೆ 300. ನಗದು ಬಿಟ್ಟು ಆನ್‌ಲೈನ್‌ನಲ್ಲಿ ಕಟ್ಟಿದರೆ 20 ಮತ್ತು 250. ಹದಿನೈದರೊಳಗಿನ ಮಕ್ಕಳಿಗೆ ಉಚಿತ. ಇಬ್ಬರು ವಿದೇಶಿಯರಿದ್ದರೆ ಎರಡೂ ಕಡೆ ಸೇರಿ ನಗದಿನಲ್ಲಿ 1,200 ರೂಪಾಯಿ. ‘ಎಲ್ಲಾ ಸೇರಿ’ ಎಂದು ಒಪ್ಪಿಕೊಂಡ ಚಾಲಕ ಗೇಟಿನ ಮುಂದೆ ಮುಖ ಸಪ್ಪೆ ಮಾಡುವುದು ಇದಕ್ಕೇ. ಟ್ರೈಪಾಡ್ ತರುವವರು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.

ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆಗೆ ನಮ್ಮ ಕೋರಿಕೆ ದೊಡ್ಡದಲ್ಲ. ರೈಲು ನಿಲ್ದಾಣದ ಹೊರಬಾಗಿಲಲ್ಲಿ ಮತ್ತು ಕೇಂದ್ರ ಬಸ್ ನಿಲ್ದಾಣದಲ್ಲಿ ಒಂದೊಂದು ಫಲಕ ಹಾಕಿಸಲಿ. ಆಟೊ, ಟಾಂಗಾ, ಕಾರಿಗೆ ತಾಸಿನ ದರ, ಕಾಯುವ ಹೊತ್ತಿನ ದರ, ಗೈಡ್ ದರ ಅದರಲ್ಲಿರಲಿ. ಪಾಯಿಂಟ್ ಎಂಬ ಕಾಲಮ್ಮೇ ಬೇಡ. ದರ ಗೊತ್ತುಮಾಡುವಾಗ ಚಾಲಕರ ಸಂಘಗಳನ್ನೂ ಕೂಡಿಸಿಕೊಂಡರೆ ಆ ಫಲಕಕ್ಕೆ ಬೆಲೆ ಬರುತ್ತದೆ. ಸಂಗ್ರಹಾಲಯದ ಶುಕ್ರವಾರದ ರಜೆ, ಮಸೀದಿಯ ಶುಕ್ರವಾರದ ಹೊತ್ತು, ಎರಡನ್ನೂ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಅದೇ ಫಲಕದ ಕೆಳಗೆ ಬರೆಸಲಿ. ಸೊಲ್ಲಾಪುರದ ಕಡೆಯಿಂದ ಬರುವವರು ಕಡಿಮೆಯಿಲ್ಲ.

ಇಂತಿ,
ಪ್ರವಾಸಿ ಮಾರ್ಗದರ್ಶಿಗಳು ಮತ್ತು ಬಾಡಿಗೆ ವಾಹನ ಚಾಲಕರು, ವಿಜಯಪುರ