ಕಣ್ಣೀರಿನ ಕಣಿವೆಯಲ್ಲಿ ಜೊತೆಗೆ ನಡೆದವರಿಗೆ

ಕಥೋಲಿಕ ಕ್ರೈಸ್ತರು ಆಚರಿಸುವ ನವೆಂಬರ್ 2ರ ಸಕಲ ಮೃತರ ಸ್ಮರಣೆಯೊಂದಿಗೆ ಮುಂಬಯಿಯ ನಮ್ಮ ಕನ್ನಡ ಸಾಂತ್ವನ ಪ್ರಾರ್ಥನೆಗೆ ಒಂದು ವರ್ಷ ತುಂಬಿತು. ಸಾವಾದ ಮನೆಗೆ ಹೋಗಿ ಮನೆಮಾತಿನಲ್ಲಿ ಜಪಸರ (ಮಣಿ ಎಣಿಸುತ್ತ ಮರಿಯಮ್ಮನವರಿಗೆ ಸಲ್ಲಿಸುವ ಪ್ರಾರ್ಥನೆ) ಹೇಳುವುದು, ಏಳನೇ ದಿನಕ್ಕೂ ಮೂವತ್ತನೇ ದಿನಕ್ಕೂ ಮತ್ತೆ ಹೋಗಿ ಕೂರುವುದು, ಕೆಲಸ ಇಷ್ಟೇ. ಇಷ್ಟಕ್ಕೇ ಬಹಳ ಕೈಗಳು ಬೇಕಾದವು. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಆದ್ದರಿಂದ ಅವರವರು ಮಾಡಿದ ಕೆಲಸವನ್ನೇ ಹೆಸರಾಗಿಟ್ಟು ನೆನೆಯುತ್ತೇವೆ.

ಮೊದಲ ವಂದನೆ, ಜಪಸರದ ಕೊನೆಗೆ ರಾಣಿಮಾತೆ ಮರಿಯಮ್ಮನವರಿಗೆ ಸಲ್ಲಿಸುವ ‘ಸಾಲ್ವೆ ರೆಜಿನಾ’ ಪ್ರಾರ್ಥನೆಯನ್ನು ಪದಪದವಾಗಿ ಬಿಡಿಸಿ ಹೇಳಿದ ಗುರುಗಳಿಗೆ. ‘ಈ ಕಣ್ಣೀರಿನ ಕಣಿವೆಯಲ್ಲಿ’ ಎಂಬ ಮಾತು ಎಲ್ಲರ ಬಾಯಿಗೆ ಬಂದದ್ದು ಅದರಿಂದಲೇ. ಅದನ್ನು 11ನೇ ಶತಮಾನದಲ್ಲಿ, ನಡೆಯಲಾಗದ ದೇಹ ಹೊತ್ತಿದ್ದ ರೈಶೆನಾವು ಮಠದ ಹೆರ್ಮನ್ ರಚಿಸಿದನೆಂದು ಹಳೆಯ ನಂಬಿಕೆ, ವಿದ್ವಾಂಸರೆಲ್ಲ ಒಪ್ಪುವುದಿಲ್ಲ. ಯಾರು ಬರೆದರೂ ನೋವು ಬಲ್ಲವರೇ ಬರೆದಿರಬೇಕು. ಅದರ ಲತೀನ್ ಕ್ರಿಯಾಪದಗಳನ್ನು ಒಂದೊಂದಾಗಿ ನೋಡಿ: ಕೂಗುತ್ತೇವೆ, ನಿಟ್ಟುಸಿರಿಡುತ್ತೇವೆ, ನರಳುತ್ತ, ಅಳುತ್ತ. ಎಲ್ಲದರ ಕರ್ತೃ ‘ನಾವು’. ‘ನೀನು ಕಣ್ಣೀರಿನ ಕಣಿವೆಯಲ್ಲಿದ್ದೀಯ, ತಾಳಿಕೋ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಸಾಲು ಅದರಲ್ಲಿ ಎಲ್ಲಿಯೂ ಇಲ್ಲ. ಒಟ್ಟಿಗೆ ಕೂತವರು ತಾಯಿಯ ಮುಂದೆ ಹೇಳಿಕೊಳ್ಳುವ ಮಾತು ಅದು. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೋ ಕೂಲಿ ಸಿಗದ ಕೆಲಸಗಾರನಿಗೋ ಅದನ್ನು ಉಪದೇಶವಾಗಿ ಹೇಳಿದರೆ ಪ್ರಾರ್ಥನೆಯನ್ನೇ ತಲೆಕೆಳಗು ಮಾಡಿದಂತೆ. ಈ ಒಂದು ತಿದ್ದುಪಡಿ ವರ್ಷವಿಡೀ ನಮ್ಮ ನಾಲಿಗೆಯನ್ನು ಕಾಯಿತು.

‘ಕಣಿವೆ’ ಎಂಬ ಮಾತಿನ ಬೇರು ಬೈಬಲಿನ 84ನೇ ಕೀರ್ತನೆಯಲ್ಲಿದೆ. ಜೆರುಸಲೇಮಿನ ದೇವಾಲಯಕ್ಕೆ ಹೊರಟ ಯಾತ್ರಿಕರು ಬಾಕಾ ಎಂಬ ಕಣಿವೆಯನ್ನು ದಾಟುತ್ತಾರೆ. ದಾಟುತ್ತಲೇ ಅದನ್ನು ಬುಗ್ಗೆಗಳ ನೆಲ ಮಾಡುತ್ತಾರೆ. ಗ್ರೀಕ್ ಅನುವಾದಕರು ಅದನ್ನು ‘ಅಳುವಿನ ಕಣಿವೆ’ ಎಂದು ಓದಿದರು, ಲತೀನಿನಲ್ಲಿ ಅದು ‘ಕಣ್ಣೀರಿನ ಕಣಿವೆ’ಯಾಯಿತು. ಹೀಬ್ರೂ ಭಾಷೆಯಲ್ಲಿ ಬಾಕಾ ಎಂಬುದಕ್ಕೂ ‘ಅಳು’ ಎಂಬ ಕ್ರಿಯಾಪದಕ್ಕೂ ಉಚ್ಚಾರ ಹತ್ತಿರ, ಕೊನೆಯ ಅಕ್ಷರ ಮಾತ್ರ ಬೇರೆ. ಬಾಕಾ ಅಂದರೆ ಅಂಟು ಸುರಿಸುವ ಒಂದು ಗಿಡ ಎನ್ನುವವರೂ ಇದ್ದಾರೆ. ಗಿಡವೋ ಕಣ್ಣೀರೋ, ಕೀರ್ತನೆ ಒತ್ತಿ ಹೇಳುವುದು ‘ದಾಟುವಾಗ’ ಎಂಬುದನ್ನು. ಕಣಿವೆಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ.

ಚಾಳಿನ ನೆರೆಹೊರೆಯ ಹಿಂದೂ ಬಂಧುಗಳಿಗೆ ಎರಡನೇ ವಂದನೆ. ಅವರು ನೀರು ತುಂಬಿಟ್ಟರು, ಟಿವಿ ಆರಿಸಿದರು, ಚಪ್ಪಲಿ ಬಿಡಲು ತಮ್ಮ ಬಾಗಿಲ ಮುಂದೆ ಜಾಗ ಮಾಡಿಕೊಟ್ಟರು. ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು: ನಿಮ್ಮ ಈ ಕಣಿವೆ ಮತ್ತು ನಾವು ಹೇಳುವ ಭವಸಾಗರ ಒಂದೆಯೇ? ದಾಟಬೇಕಾದದ್ದು ಎಂಬಲ್ಲಿ ಎರಡೂ ಹತ್ತಿರ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಲೋಕ ಕೆಟ್ಟದ್ದಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದ 31ನೇ ವಚನದಲ್ಲಿ ದೇವರು ತಾನು ಮಾಡಿದ್ದೆಲ್ಲವನ್ನೂ ಬಹಳ ಒಳ್ಳೆಯದೆಂದು ಕಾಣುತ್ತಾನೆ. ದುಃಖ ಆಮೇಲೆ ಬಂದದ್ದು. ಬಿಡುಗಡೆಯೆಂದರೆ ದೇಹವನ್ನು ಕಳಚಿಬಿಡುವುದಲ್ಲ, ದೇಹಸಮೇತ ಪುನರುತ್ಥಾನ. ‘ಯಾರ ಪಾಪಕ್ಕೆ ಹೀಗಾಯಿತು?’ ಎಂಬ ಪ್ರಶ್ನೆಯನ್ನು ಯೇಸುಸ್ವಾಮಿ ಎರಡು ಕಡೆ ತಳ್ಳಿಹಾಕುತ್ತಾರೆ. ಹುಟ್ಟುಕುರುಡನ ವಿಷಯದಲ್ಲಿ ಅವನದೂ ಅಲ್ಲ, ಅವನ ತಂದೆತಾಯಿಯದೂ ಅಲ್ಲ ಎಂದರು. ಸಿಲೋವಾಮಿನ ಗೋಪುರ ಕುಸಿದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದರು. ಸಾವಿನ ಮನೆಯಲ್ಲಿ ಈ ಎರಡು ವಾಕ್ಯಗಳು ಕೈಗೆ ಸಿಗುವಂತಿರಬೇಕು, ಏಕೆಂದರೆ ಆ ಪ್ರಶ್ನೆ ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ.

ಜಪಸರ ನಡೆಸಿಕೊಟ್ಟ ಅಮ್ಮಂದಿರಿಗೂ ಅಕ್ಕಂದಿರಿಗೂ ಹೇಗೆ ವಂದಿಸಬೇಕೋ ತಿಳಿಯದು. 10 ಬೈ 12ರ ಖೋಲಿಯಲ್ಲಿ ಇಪ್ಪತ್ತು ಜನ ಕೂತಾಗ ಪ್ರಾರ್ಥನೆ 40 ನಿಮಿಷ ಮೀರಬಾರದು ಎಂಬ ಲೆಕ್ಕ ಅವರದೇ. ಶಿಲುಬೆ ಗುರುತು, ಒಂದು ಕೀರ್ತನೆ, ಗಡಿಯಾರ ನೋಡಿ ಎರಡು ನಿಮಿಷ ಮೌನ, ಸತ್ತ ಲಾಜರನನ್ನು ಯೇಸುಸ್ವಾಮಿ ಸಮಾಧಿಯಿಂದ ಎಬ್ಬಿಸಿದ ಶುಭಸಂದೇಶದ ಭಾಗ, ಆಮೇಲೆ ಜಪಸರ. 53 ನಮೋ ಮರಿಯಾ, 6 ಪರಲೋಕ ಪ್ರಾರ್ಥನೆ, ಅವಸರವಿಲ್ಲದೆ ಹೇಳಿದರೆ 20ರಿಂದ 25 ನಿಮಿಷ. ಜಪ ಕೆಡುವುದು ಹೆಚ್ಚಾಗಿ ನಡುವೆ ಭಾಷೆ ಬದಲಾದಾಗ. ಮುಂದಾಳು ಅರ್ಧ ಕನ್ನಡದಲ್ಲಿ ಹೇಳಿ, ಉತ್ತರಾರ್ಧ ಕೊಂಕಣಿಯಲ್ಲೋ ಮರಾಠಿಯಲ್ಲೋ ಬಂದರೆ ಲಯ ತಪ್ಪಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಒಂದು ದಶಕಕ್ಕೆ, ಅಂದರೆ ಹತ್ತು ನಮೋ ಮರಿಯಾದ ಒಂದು ಗುಂಪಿಗೆ, ಒಂದೇ ಭಾಷೆ ಎಂದು ಮೊದಲೇ ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ.

ಮೌನದ ಎರಡು ನಿಮಿಷ ಎಲ್ಲಕ್ಕಿಂತ ಕಷ್ಟ. ಯಾರಾದರೂ ಗಂಟಲು ಸರಿಮಾಡಿಕೊಂಡು ‘ದೇವರ ಚಿತ್ತ, ಅಳಬಾರದು’ ಎಂದುಬಿಡುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಮಾತು ತಪ್ಪು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಸರಿಯಾದ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಲಾಜರನನ್ನು ಎಬ್ಬಿಸಲಿದ್ದ ಯೇಸುಸ್ವಾಮಿಯೇ ಅವನ ಸಮಾಧಿಗೆ ಹೋಗುವಾಗ ಅತ್ತರು. ತಾಯಿ ಮೋನಿಕಾ 387ರಲ್ಲಿ ತೀರಿಕೊಂಡಾಗ ಸಂತ ಅಗಸ್ಟೀನರು ಮೊದಲು ಕಣ್ಣೀರನ್ನು ಬಲವಂತವಾಗಿ ತಡೆದರು. ಕೊನೆಗೆ ದೇವರೊಬ್ಬನ ಮುಂದೆ ಹರಿಯಬಿಟ್ಟರು. ಪೌಲನು ಥೆಸಲೋನಿಕದವರಿಗೆ ಬರೆದದ್ದು ಅಳಬೇಡಿ ಎಂದಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು. ಆ ಒಂದು ಪದವನ್ನು ಬಿಟ್ಟು ವಾಕ್ಯ ಓದಿದರೆ ಅದು ಬಾಯಿಗೆ ಹಾಕಿದ ಬೀಗವಾಗುತ್ತದೆ.

ಕೀರ್ತನೆಗಳನ್ನು ಆರಿಸಿಕೊಟ್ಟ ಉಪದೇಶಿಯವರಿಗೆ ವಿಶೇಷ ಕೃತಜ್ಞತೆ. ನಾವೆಲ್ಲ 23ನೆಯದನ್ನೇ ಹಿಡಿದಿದ್ದೆವು. ಅವರು 130, 42, 56 ಸೇರಿಸಿದರು. 56ರಲ್ಲಿ ದೇವರು ನಮ್ಮ ಕಣ್ಣೀರನ್ನು ಬುದ್ದಲಿಯಲ್ಲಿ (ತೊಗಲಿನ ಚೀಲದಲ್ಲಿ) ತುಂಬಿಡುತ್ತಾನೆ, ಅಂದರೆ ಒಂದು ಹನಿಯೂ ಲೆಕ್ಕ ತಪ್ಪುವುದಿಲ್ಲ. 88ನೇ ಕೀರ್ತನೆಯೂ ಬೇಕೆಂದು ಅವರು ಪಟ್ಟು ಹಿಡಿದರು. ಉಳಿದ ಶೋಕಗೀತೆಗಳು ಹೆಚ್ಚುಪಾಲು ಕೊನೆಗೆ ಭರವಸೆಯ ಕಡೆ ಹೊರಳುತ್ತವೆ. 88 ಹೊರಳದೆ ಕತ್ತಲೆಯಲ್ಲೇ ನಿಲ್ಲುತ್ತದೆ. ಮಗುವನ್ನು ಕಳೆದುಕೊಂಡ ಮನೆಯಲ್ಲಿ, ತಾವಾಗಿ ಅಂಥ ಮಾತು ಆಡಲು ಹೆದರುವವರಿಗೆ, ಇದೂ ಪವಿತ್ರ ಗ್ರಂಥದೊಳಗಿನ ಮಾತೇ ಎಂದು ತಿಳಿಯುವುದೇ ಒಂದು ಆಸರೆ. ಓದುವುದಾದರೆ ಅದರ ಬೆನ್ನಿಗೆ 130 ಇರಲಿ ಎಂದದ್ದೂ ಅವರೇ.

ಕಾಗದಪತ್ರ ಬಲ್ಲ ಅಣ್ಣಂದಿರು ಇಲ್ಲದಿದ್ದರೆ ಪ್ರಾರ್ಥನೆಗೆ ಮನಸ್ಸು ಎಲ್ಲಿಂದ ಬರಬೇಕು? ವೈದ್ಯರಿಂದ ಮರಣಕಾರಣದ ಪತ್ರ ತರಿಸುವುದು, ಸ್ಮಶಾನದ ಚೀಟಿ ಮಾಡಿಸುವುದು, 21 ದಿನದೊಳಗೆ ಸಾವಿನ ನೋಂದಣಿ ಆಗಿದೆಯೇ ಎಂದು ನೋಡುವುದು ಅವರ ಪಾಲಿಗೆ ಬಿತ್ತು. ಎಡವುವುದು ಹೆಸರಿನಲ್ಲಿ. ದೀಕ್ಷಾಸ್ನಾನದ ಹೆಸರು ಒಂದು, ಆಧಾರ್ ಕಾರ್ಡಿನ ಹೆಸರು ಇನ್ನೊಂದು. ಆತುರದಲ್ಲಿ ಬರೆದದ್ದು ಮುಂದೆ ಬ್ಯಾಂಕಿನಲ್ಲಿ, ಪಿಂಚಣಿಯಲ್ಲಿ ವರ್ಷಗಟ್ಟಲೆ ಕಾಡುತ್ತದೆ. ಅರ್ಜಿ ತುಂಬುವ ಮೊದಲೇ ಆಧಾರ್ ಕಾರ್ಡು ಎದುರಿಗಿಡಿ ಎಂಬ ಅವರ ಮಾತನ್ನು ಈಗ ನಮ್ಮ ಪ್ರಾರ್ಥನಾ ಪುಸ್ತಿಕೆಯ ಹಿಂಬದಿಗೆ ಅಚ್ಚು ಹಾಕಿಸಿದ್ದೇವೆ.

ಸ್ಮಶಾನದ ಕೆಲಸಗಾರರಿಗೆ ಕೈಮುಗಿದು ವಂದನೆ. ಮುಂಬಯಿಯಲ್ಲಿ ಜಾಗವಿಲ್ಲ, ಹೆಚ್ಚಿನವರಿಗೆ ಸಿಗುವುದು ತಾತ್ಕಾಲಿಕ ಗುಂಡಿ. ಆಮೇಲೆ ಅಸ್ಥಿಯನ್ನು ಎತ್ತಿ ಗೋಡೆಯ ಗೂಡಿನಲ್ಲಿ ಇಡಬೇಕಾಗುತ್ತದೆ. ಆ ದಿನ ಮನೆಯವರಿಗೆ ಎರಡನೇ ಸಾವು. ಮೊದಲ ಪುಸ್ತಿಕೆಯಲ್ಲಿ ಅದಕ್ಕೆ ಪ್ರಾರ್ಥನೆಯೇ ಇರಲಿಲ್ಲ. ಗುಂಡಿ ತೆಗೆಯುವವರೇ ನೆನಪಿಸಿದರು. ಪುನರುತ್ಥಾನದ ನಂಬಿಕೆ ಗೋರಿಯ ಕಲ್ಲಿನ ಮೇಲೆ ನಿಂತಿಲ್ಲ ಎಂಬುದನ್ನು ಅಲ್ಲಿ ಮೆಲ್ಲಗೆ ಹೇಳಬೇಕು. ದಹನಕ್ಕೂ ಕಥೋಲಿಕ ಧರ್ಮಸಭೆ 1963ರಿಂದ ಅನುಮತಿ ಕೊಟ್ಟಿದೆ. ಬೂದಿಯನ್ನು ಮಾತ್ರ ಚೆಲ್ಲಬಾರದು, ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರ ಸೂಚನೆ.

ಇನ್ನು ಪುಸ್ತಿಕೆ ಟೈಪು ಮಾಡಿ, ತಿದ್ದಿ, ಪಿನ್ ಹೊಡೆದವರು. ಎ4 ಹಾಳೆ ನಾಲ್ಕನ್ನು ನಡುವೆ ಮಡಚಿದರೆ 16 ಪುಟ. ಪುಟದ ಲೆಕ್ಕ ನಾಲ್ಕರಿಂದ ಭಾಗವಾಗದಿದ್ದರೆ ಕೊನೆಗೆ ಖಾಲಿ ಹಾಳೆ ಉಳಿಯುತ್ತದೆ. ಅಕ್ಷರ 16 ಪಾಯಿಂಟ್, ಮೇಣದ ಬೆಳಕಲ್ಲಿ ಅಜ್ಜಿಯಂದಿರು ಓದಬೇಕಲ್ಲ. ಹಳೆಯ ‘ನುಡಿ’ ತಂತ್ರಾಂಶದ ಫೈಲನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮಾಯವಾಗುತ್ತದೆ. ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಅತ್ತಿತ್ತ ಆಗುತ್ತವೆ. ಆದ್ದರಿಂದ ಒಂದೇ ಪ್ರತಿ ಮೊದಲು ಅಚ್ಚು ಹಾಕಿ, ಗಟ್ಟಿಯಾಗಿ ಓದಿಸಿ, ಆಮೇಲೆ ಉಳಿದದ್ದು. ಹಾಗೆ ಗಟ್ಟಿಯಾಗಿ ಓದಿದ ಇಬ್ಬರು ತಂಗಿಯರು ಹಿಡಿದ ತಪ್ಪುಗಳಿಗೆ ಲೆಕ್ಕವಿಲ್ಲ.

ಮನೆಗಳಿಂದ ಹಿಂದಿರುಗಿದ ಪ್ರತಿಗಳಲ್ಲಿ 14ನೇ ಪುಟ ಮಾತ್ರ ಬೇರೆಯೇ ಬಣ್ಣಕ್ಕೆ ತಿರುಗಿದೆ. ಬೆರಳಿನ ಕಪ್ಪು, ಮೇಣದ ಹನಿ, ನೀರಿಗೆ ಉಬ್ಬಿದ ಕಾಗದ. ರಾಣಿಮಾತೆಯ ಪ್ರಾರ್ಥನೆ ಇರುವುದು ಅಲ್ಲೇ. ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ಪುಸ್ತಿಕೆ ಹಿಡಿದವರಿಗೆ ಕಣ್ಣೊರೆಸಿಕೊಳ್ಳಲು ಕೈಯಿಲ್ಲ ಎಂಬುದನ್ನು ಒಬ್ಬ ಅಜ್ಜಿ ಗಮನಿಸಿ ಹೇಳಿದರು. ಪಿನ್ ಹೊಡೆದ ನಡುಪುಟ, ಅಂದರೆ 8 ಮತ್ತು 9, ಯಾರೂ ಹಿಡಿಯದಿದ್ದರೂ ತೊಡೆಯ ಮೇಲೆ ಅಗಲವಾಗಿ ಬಿಚ್ಚಿಕೊಂಡಿರುತ್ತದೆ. ಮುಂದಿನ ಅಚ್ಚಿನಲ್ಲಿ ಆ ಪ್ರಾರ್ಥನೆ ಅಲ್ಲಿಗೆ ಬರುತ್ತಿದೆ. ಅಜ್ಜಿ, ನಿಮಗೆ ನಮ್ಮೆಲ್ಲರ ನಮಸ್ಕಾರ.