ತೂಕಕ್ಕೆ ಹತ್ತಕ್ಕೆ ಒಂಬತ್ತು, ಆದರೆ ಯಾರ ಕೈಗೆ? ಲೋಹದ ಪೆನ್ನುಗಳ ಬಗ್ಗೆ ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರೆ,

ಲೋಹದ ಫೌಂಟನ್ ಪೆನ್ನುಗಳನ್ನು ಹೋಲಿಸಿ ನೀವು ಬರೆದ ಲೇಖನದ ಕರಡು ಕೈಸೇರಿತು. ಎರಡು ಸಲ ಓದಿದೆ. ಐದು ಪೆನ್ನುಗಳು, ಪ್ರತಿಯೊಂದಕ್ಕೂ ತೂಕ, ಅಂದ, ಹಿಡಿತ, ಬಾಳಿಕೆ, ನಿಬ್ಬು ಎಂದು ಐದು ಅಂಕಣಗಳು, ಅಂಕಣಕ್ಕೆ ಹತ್ತು ಅಂಕಗಳು, ಎಲ್ಲವನ್ನೂ ಕೂಡಿಸಿ ಕೊನೆಯಲ್ಲೊಂದು ತೀರ್ಪು. ಪಟ್ಟ ಶ್ರಮ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೆ ಓದಿ ಮುಗಿಸಿದಾಗ ಪೆನ್ನುಗಳು ಕಂಡವೇ ಹೊರತು ಅವುಗಳನ್ನು ಹಿಡಿದು ಬರೆದ ಕೈ ಎಲ್ಲಿಯೂ ಕಾಣಲಿಲ್ಲ. ಹಿತ್ತಾಳೆಯ ಪೆನ್ನಿಗೆ ತೂಕದಲ್ಲಿ ಒಂಬತ್ತು ಅಂಕ ಕೊಟ್ಟಿದ್ದೀರಿ. ಯಾರ ಕೈಗೆ ಒಂಬತ್ತು? ದಿನಕ್ಕೆರಡು ಸಾಲು ಟಿಪ್ಪಣಿ ಮಾಡಿಕೊಳ್ಳುವವರಿಗೋ, ಒಂದೇ ಪಟ್ಟಿಗೆ ಹದಿನೈದು ಪುಟ ಬರೆಯುವವರಿಗೋ? ಮುಚ್ಚಳವನ್ನು ಹಿಂಬದಿಗೆ ಸಿಕ್ಕಿಸಿ ಬರೆದಿರೋ, ಮೇಜಿನ ಮೇಲಿಟ್ಟು ಬರೆದಿರೋ? ಇದು ತಿಳಿಯದಿದ್ದರೆ ಆ ಒಂಬತ್ತನ್ನು ಓದುಗ ಏನು ಮಾಡಿಕೊಳ್ಳಬೇಕು? ನಿಮ್ಮ ಅಭಿರುಚಿಯನ್ನು ಮರೆಮಾಡಿ ನಿಷ್ಪಕ್ಷಪಾತಿಯಾಗಲು ಹೊರಟಿದ್ದೀರಿ. ಪೆನ್ನಿನ ವಿಷಯದಲ್ಲಿ ಅದು ಆಗದ ಮಾತು. ನಿಮ್ಮ ಕೈ ಎಂಥದೆಂದು ಮೊದಲು ಹೇಳಿಬಿಡಿ. ಆಗ ನಿಮ್ಮ ಮೆಚ್ಚುಗೆಯನ್ನು ತನ್ನ ಕೈಗೆ ಹೊಂದಿಸಿಕೊಂಡು ಓದುವುದು ಓದುಗನಿಗೆ ಕಷ್ಟವಾಗದು.

ತೂಕದ ಮಾತನ್ನೇ ಮುಂದುವರಿಸುತ್ತೇನೆ, ಏಕೆಂದರೆ ಲೋಹದ ಪೆನ್ನನ್ನು ಹೊಗಳುವವರೂ ತೆಗಳುವವರೂ ಮೊದಲು ಎತ್ತುವುದು ಅದನ್ನೇ. ಘನ ಸೆಂಟಿಮೀಟರಿಗೆ ಅಲ್ಯುಮಿನಿಯಂ ಸುಮಾರು 2.7 ಗ್ರಾಂ ತೂಗುತ್ತದೆ, ಟೈಟೇನಿಯಂ 4.5, ಸ್ಟೇನ್‌ಲೆಸ್ ಸ್ಟೀಲು 8ರ ಆಸುಪಾಸು, ಹಿತ್ತಾಳೆ ಸುಮಾರು 8.5, ಸ್ಟರ್ಲಿಂಗ್ ಬೆಳ್ಳಿ 10ಕ್ಕಿಂತ ತುಸು ಹೆಚ್ಚು. ಈ ಅಂಕಿಗಳನ್ನು ನಂಬಿ ‘ಬೆಳ್ಳಿಯ ಪೆನ್ನುಗಳೇ ಎಲ್ಲಕ್ಕಿಂತ ಭಾರ’ ಎಂದು ನೀವು ಬರೆದುಬಿಟ್ಟಿದ್ದೀರಿ. ತಕ್ಕಡಿಯಲ್ಲಿಟ್ಟು ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಬೆಳ್ಳಿ ದುಬಾರಿ ಲೋಹವಾದ್ದರಿಂದ ಅದನ್ನು ತೆಳ್ಳನೆಯ ಕೊಳವೆಯಾಗಿ ಬಳಸುವುದೇ ಹೆಚ್ಚು. ಹಿತ್ತಾಳೆಯಾದರೆ ಗಟ್ಟಿ ಸರಳನ್ನೇ ಲೇತಿಗೆ ಕೊಟ್ಟು, ದಪ್ಪ ಗೋಡೆ ಉಳಿಯುವಂತೆ ಕೊರೆಯುವವರಿದ್ದಾರೆ. ಪೆನ್ನಿನ ಭಾರವನ್ನು ನಿರ್ಧರಿಸುವುದರಲ್ಲಿ ಲೋಹದ ಜಾತಿಗಿರುವಷ್ಟೇ ಪಾತ್ರ ಗೋಡೆಯ ದಪ್ಪಕ್ಕೂ ಇದೆ.

ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ವಸ್ತುವೊಂದನ್ನೇ ಬದಲಾಯಿಸಿದರೆ ಏನಾಗುತ್ತದೆಂದು ತಿಳಿಯಲು ಕಾವೆಕೊ ಸ್ಪೋರ್ಟ್ ಒಳ್ಳೆಯ ಉದಾಹರಣೆ. ಎಂಟು ಮೂಲೆಯ ಮುಚ್ಚಳದ ಆ ಪುಟ್ಟ ಪೆನ್ನು ಪ್ಲಾಸ್ಟಿಕ್ಕಿನಲ್ಲಿ ಸುಮಾರು 10 ಗ್ರಾಂ, ಅಲ್ಯುಮಿನಿಯಮ್ಮಿನಲ್ಲಿ 20ರ ಆಸುಪಾಸು, ಹಿತ್ತಾಳೆಯಲ್ಲಿ 40 ದಾಟುತ್ತದೆ. ಆಕಾರ ಒಂದೇ, ನಿಬ್ಬು ಒಂದೇ, ಮೂರೂ ಪೆನ್ನುಗಳು ಮಾತ್ರ ಬೇರೆಬೇರೆ. ಮುಚ್ಚಳ ತೆಗೆದರೆ ಅದು ಎಷ್ಟು ಗಿಡ್ಡವೆಂದರೆ, ಹಿಂಬದಿಗೆ ಸಿಕ್ಕಿಸಿಕೊಳ್ಳದೆ ಬರೆಯುವುದು ನನ್ನಂಥ ದೊಡ್ಡ ಅಂಗೈಯವರಿಗೆ ಆಗುವುದಿಲ್ಲ. ಸಿಕ್ಕಿಸಿಕೊಂಡರೆ ಹಿತ್ತಾಳೆಯ ಮುಚ್ಚಳದ ಭಾರವೆಲ್ಲ ಬಾಲಕ್ಕೆ ಹೋಗುತ್ತದೆ. ಮೊದಲ ಎರಡು ಪುಟಗಳಲ್ಲಿ ಈ ಪೆನ್ನಿನಷ್ಟು ಗಂಭೀರವಾದದ್ದು ಇನ್ನೊಂದಿಲ್ಲವೆನಿಸಿದ್ದು ನಿಜ. ಐದನೆಯ ಪುಟಕ್ಕೆ ಬರುವಷ್ಟರಲ್ಲಿ, ಹಿಂದಕ್ಕೆ ವಾಲುವ ಪೆನ್ನನ್ನು ಮುಂದಕ್ಕೆ ಎಳೆದುಕೊಳ್ಳಲು ಬೆರಳುಗಳು ತಾವಾಗಿಯೇ ಬಿಗಿಯತೊಡಗಿದ್ದವು. ಅದೇ ಪೆನ್ನು ಜೇಬಿನಲ್ಲಿಟ್ಟುಕೊಂಡು ಒಂದೆರಡು ಸಾಲು ಗೀಚಲು ಇವತ್ತಿಗೂ ನನ್ನ ಮೆಚ್ಚಿನದು. ಅದಕ್ಕೆ ನಾನು ಎಷ್ಟು ಅಂಕ ಕೊಡಲಿ ಹೇಳಿ.

ಆದ್ದರಿಂದ ಗ್ರಾಂ ಲೆಕ್ಕ ಬರೆದುಕೊಂಡ ಮೇಲೆ ಇನ್ನೂ ಒಂದು ಕೆಲಸ ಮಾಡಿ. ಶಾಯಿ ತುಂಬಿದ ಪೆನ್ನನ್ನು ನೀವು ಬರೆಯುವ ಸ್ಥಿತಿಯಲ್ಲೇ ತೋರುಬೆರಳ ಮೇಲೆ ಅಡ್ಡಲಾಗಿಟ್ಟು, ಅದು ಎಲ್ಲಿ ಸಮತೂಕವಾಗಿ ನಿಲ್ಲುತ್ತದೆಂದು ಗುರುತಿಸಿ. ಬರೆಯುವಾಗ ಆ ಬಿಂದು ಹೆಬ್ಬೆರಳು ತೋರುಬೆರಳುಗಳ ನಡುವಿನ ಇಕ್ಕಟ್ಟಿಗಿಂತ ಮುಂದಿದ್ದರೆ ಭಾರದ ಪೆನ್ನೂ ಹಗುರವೆನಿಸುತ್ತದೆ, ತನ್ನ ತೂಕದಿಂದಲೇ ಕಾಗದಕ್ಕೆ ಒರಗಿ ಒತ್ತುವ ಕೆಲಸವನ್ನೂ ಉಳಿಸುತ್ತದೆ. ಹಿಂದೆ ಬಿದ್ದರೆ 25 ಗ್ರಾಮಿನ ಪೆನ್ನೂ ಹೊರೆ. ಲಾಮಿ 2000 ಎಂಬ ಪೆನ್ನು 1966ರಲ್ಲಿ ಗೆರ್ಡ್ ಆಲ್ಫ್ರೆಡ್ ಮ್ಯೂಲರ್ ಅವರ ವಿನ್ಯಾಸದಲ್ಲಿ ಬಂತಷ್ಟೆ. ಅದರ ಮೈ ಮ್ಯಾಕ್ರೊಲಾನ್ ಎಂಬ ಪ್ಲಾಸ್ಟಿಕ್ಕು, ಬೆರಳು ಹಿಡಿಯುವ ಮುಂಭಾಗ ಮಾತ್ರ ಸ್ಟೇನ್‌ಲೆಸ್ ಸ್ಟೀಲು. ತೂಕ ಬೇಕಾದ ಕಡೆಯಷ್ಟೇ ಲೋಹವನ್ನಿಟ್ಟ ಆ ಜಾಣತನವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಮುಂದೆ ಅದೇ ಪೆನ್ನನ್ನು ಪೂರ್ತಿ ಸ್ಟೀಲಿನಲ್ಲೂ ತಂದರು, ತೂಕ ಎರಡರಷ್ಟಾಯಿತು. ಅದನ್ನು ಪ್ರೀತಿಸುವವರು ಇದ್ದಾರೆ. ಆ ಗುಂಪಿನಲ್ಲಿ ನಾನಿಲ್ಲ.

ಹಿಡಿತದ ಅಂಕಣದಲ್ಲಿ ನೀವು ‘ನುಣುಪು, ಹಿತಕರ’ ಎಂದಷ್ಟೇ ಬರೆದಿದ್ದೀರಿ. ನುಣುಪು ಬೆರಳು ಒಣಗಿರುವವರಿಗೆ ಹಿತ. ಬೆವರುವ ಬೆರಳಿಗೆ ಹೊಳಪು ಕೊಟ್ಟ ಕ್ರೋಮಿನ ಹಿಡಿ ಎಂದರೆ ನೀರಿನಲ್ಲಿ ನೆನೆದ ಗಾಜಿನ ಗೋಲಿ ಇದ್ದಂತೆ: ಬೆರಳು ನಿಬ್ಬಿನತ್ತ ಜಾರುತ್ತಲೇ ಇರುತ್ತದೆ, ಜಾರದಂತೆ ಹಿಡಿದರೆ ಮಣಿಕಟ್ಟು ನೋಯುತ್ತದೆ. ಕೂದಲೆಳೆಯಂಥ ಗೀರು ಎಳೆದು ಮಾಸಲು ಮಾಡಿದ ಸ್ಟೀಲು, ಉಂಗುರದಂತೆ ಗೆರೆ ಕೊರೆದ ಹಿಡಿ, ಮೈಯೆಲ್ಲ ಲೋಹವಾಗಿ ಹಿಡಿ ಮಾತ್ರ ಪ್ಲಾಸ್ಟಿಕ್ಕಾಗಿರುವ ಪೆನ್ನು, ಇವೆಲ್ಲ ಈ ತೊಂದರೆಗೆ ಕಂಡುಕೊಂಡ ಪರಿಹಾರಗಳೇ. ಇನ್ನು ಲೋಹ ಶಾಖವನ್ನು ಬೇಗ ಸಾಗಿಸುತ್ತದೆ; ಕೈಗೆತ್ತಿಕೊಂಡಾಗಿನ ತಂಪು ಎಷ್ಟು ಆಪ್ಯಾಯಮಾನವೋ, ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಶಾಯಿಯನ್ನು ಹೊರದಬ್ಬುವ ಸಂಭವವೂ ಅಷ್ಟೇ ನಿಜ. ಶಾಯಿ ಲೋಹವನ್ನು ತಿನ್ನುವ ಭಯವೂ ಜೊತೆಗಿದೆ. ಬಹುಪಾಲು ಲೋಹದ ಪೆನ್ನುಗಳು ಶಾಯಿಯನ್ನು ನೇರವಾಗಿ ಹೊಟ್ಟೆಯಲ್ಲಿ ತುಂಬಿಕೊಳ್ಳದೆ ಶಾಯಿ ತುಂಬಿಯೇ ಬರುವ ಕಾರ್ಟ್ರಿಜ್ ಕೊಳವೆಯನ್ನೋ ನಾವೇ ತುಂಬಿಕೊಳ್ಳುವ ಕನ್ವರ್ಟರ್ ಕೊಳವೆಯನ್ನೋ ನೆಚ್ಚಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ‘ಇಷ್ಟು ದಪ್ಪದ ಪೆನ್ನಿನಲ್ಲಿ ಇಷ್ಟೇ ಶಾಯಿಯೇ’ ಎಂದು ಕರಡಿನಲ್ಲಿ ಆಕ್ಷೇಪಿಸಿದ್ದೀರಿ. ಕಾರಣವನ್ನೂ ಜೊತೆಗೆ ಹೇಳಿದರೆ ಆಕ್ಷೇಪ ನ್ಯಾಯವಾಗುತ್ತದೆ.

ಒಂದು ತಪ್ಪನ್ನು ಮಾತ್ರ ತಿದ್ದಲೇಬೇಕು. ಬೆಳ್ಳಿಯ ಪೆನ್ನು ‘ಬೆಳ್ಳಿಯದಾದ್ದರಿಂದ ನಯವಾಗಿ ಬರೆಯುತ್ತದೆ’ ಎಂದಿದ್ದೀರಿ. ಮೈಯ ಲೋಹಕ್ಕೂ ಬರವಣಿಗೆಯ ನಯಕ್ಕೂ ಸಂಬಂಧವಿಲ್ಲ. ಕಾಗದವನ್ನು ಮುಟ್ಟುವುದು ನಿಬ್ಬಿನ ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಕಣ. ನಿಬ್ಬು ಸ್ಟೀಲಿನದಾಗಲಿ 14 ಕ್ಯಾರೆಟ್ ಚಿನ್ನದ್ದಾಗಲಿ, ನಯ ಬರುವುದು ಆ ಕಣವನ್ನು ಉಜ್ಜಿದ ಕೈಚಳಕದಿಂದ. ಮೈ ಮತ್ತು ನಿಬ್ಬು ನಿಜವಾಗಿಯೂ ಒಂದೇ ಲೋಹವಾಗಿರುವ ಪೆನ್ನುಗಳು ಬೇಕಿದ್ದರೆ 1970ರ ದಶಕದವನ್ನು ನೋಡಿ. ಪೈಲಟ್ ಕಂಪನಿಯ ಮ್ಯೂ 701 ಬಂದದ್ದು 1971ರಲ್ಲಿ, ಮ್ಯೂರೆಕ್ಸ್ ಬಂದದ್ದು 1977ರಲ್ಲಿ. ಅವುಗಳಲ್ಲಿ ಹಿಡಿಯೇ ತೆಳುವಾಗುತ್ತ ಹೋಗಿ ನಿಬ್ಬಾಗುತ್ತದೆ, ನಡುವೆ ಜೋಡಣೆಯ ಗೆರೆಯೇ ಇಲ್ಲ. ಅವಕ್ಕೂ ಮುಂಚೆ, 1970ರಲ್ಲಿ, ಪಾರ್ಕರ್ ಕಂಪನಿ ಟೈಟೇನಿಯಮ್ಮಿನಲ್ಲಿ ಟಿ-1 ಎಂಬ ಪೆನ್ನನ್ನು ಇದೇ ಬಗೆಯಲ್ಲಿ ಮಾಡಿತು. ಆಕಾಶಯಾನದ ಕಾಲದ ಆ ಲೋಹ ಉಪಕರಣಗಳಿಗೆ ಸುಲಭವಾಗಿ ಬಗ್ಗಲಿಲ್ಲ, ತಯಾರಿಕೆ ಬೇಗನೆ ನಿಂತುಹೋಯಿತು. ಇಂಥ ಪೆನ್ನುಗಳ ಅಂದಕ್ಕೆ ಒಂದು ದಂಡವೂ ಇದೆ: ಒಮ್ಮೆ ಕೆಳಗೆ ಬಿದ್ದು ತುದಿ ಬಾಗಿತೆಂದರೆ ಬರೀ ನಿಬ್ಬನ್ನು ಕಿತ್ತು ಬೇರೊಂದನ್ನು ಹಾಕಲಾಗದು, ಹಿಡಿಯ ಭಾಗವೇ ಹೋದಂತೆ. ಸಂಗ್ರಹಕಾರರು ಅವುಗಳನ್ನು ಹುಡುಕಿ ಕೊಳ್ಳುತ್ತಾರೆ, ಬರೆಯಲು ಹೆದರುತ್ತಾರೆ. ನಾನೂ ಹೆದರುತ್ತೇನೆ, ಆದರೂ ಬರೆಯುತ್ತೇನೆ.

ನಿಮ್ಮ ಪಟ್ಟಿಯಲ್ಲಿ ನನ್ನ ಮನಸ್ಸು ನಿಂತದ್ದು ಪಾರ್ಕರ್ 75ರ ಮೇಲೆ. ಬೆಳ್ಳಿಯ ಮೈಮೇಲೆ ಅಡ್ಡ ಉದ್ದ ಗೆರೆ ಕೊರೆದು ಮಾಡಿದ ಚೌಕಟ್ಟಿನ ವಿನ್ಯಾಸವನ್ನು ನೀವು ಚೆನ್ನಾಗಿಯೇ ವರ್ಣಿಸಿದ್ದೀರಿ. 1715ರಲ್ಲಿ ಮುಳುಗಿದ ಸ್ಪೇನಿನ ಹಡಗುಗಳಿಂದ ಎತ್ತಿದ ಬೆಳ್ಳಿಯಿಂದ 1965ರಲ್ಲಿ ಅದರದೊಂದು ವಿಶೇಷ ಆವೃತ್ತಿ ಬಂದುದನ್ನೂ ಹೇಳಿದ್ದೀರಿ. ಸಂಗ್ರಹಕಾರರ ಕಣ್ಣರಳಿಸುವ ಸಂಗತಿ ಅದು. ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದನ್ನು ಬಿಟ್ಟುಬಿಟ್ಟಿರಿ. ಆ ಪೆನ್ನಿನ ನಿಬ್ಬನ್ನು ಅಚ್ಚಿನ ಸುತ್ತ ತಿರುಗಿಸಿ, ಬರೆಯುವವನ ಕೈ ಎಷ್ಟು ಓರೆಯೋ ಅಷ್ಟು ಓರೆಗೆ ನಿಲ್ಲಿಸಬಹುದು. ಎಷ್ಟು ತಿರುಗಿಸಿದೆವೆಂದು ಗುರುತಿಟ್ಟುಕೊಳ್ಳಲು ಹಿಡಿಯ ಬಾಯಿಯ ಹತ್ತಿರ ಸಣ್ಣ ಗೆರೆಗಳ ಅಳತೆಯೂ ಇದೆ. ಒಬ್ಬೊಬ್ಬರ ಹಿಡಿತ ಒಂದೊಂದು ಬಗೆ ಎಂದು ಪೆನ್ನು ಮಾಡಿದವರೇ ಒಪ್ಪಿಕೊಂಡಿರುವಾಗ, ಅದನ್ನು ಪರೀಕ್ಷಿಸುವ ನೀವು ಎಲ್ಲ ಕೈಗೂ ಒಂದೇ ಅಂಕ ಕೊಡುವುದೆಂದರೆ ಹೇಗೆ?

ಬಾಳಿಕೆಯ ಅಂಕಣದಲ್ಲಿ ಬೆಳ್ಳಿಗೆ ಕಡಿಮೆ ಅಂಕ ಬಿದ್ದಿದೆ, ‘ಕಪ್ಪಾಗುತ್ತದೆ’ ಎಂಬ ಕಾರಣಕ್ಕೆ. ಕಪ್ಪಾಗುವುದು ಹೌದು. ಗಾಳಿಯಲ್ಲಿರುವ ಗಂಧಕದ ಅನಿಲಗಳೊಂದಿಗೆ ಸೇರಿ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡಿನ ಪದರ ಕಟ್ಟುತ್ತದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಂದು ಬೆಳ್ಳಿಯ ಪೆನ್ನನ್ನು ಅದರ ಶಾಯಿಯ ಹೆಸರು ಬರೆದ ಚೀಟಿಯೊಂದಿಗೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಕೆಲವು ತಿಂಗಳ ಮೇಲೆ ತೆಗೆದರೆ ಬ್ಯಾಂಡಿದ್ದ ಜಾಗದಲ್ಲಿ ಮಸಿ ಬಳಿದಂಥ ಕಪ್ಪು ಪಟ್ಟಿ. ರಬ್ಬರನ್ನು ಹದಗೊಳಿಸುವುದೇ ಗಂಧಕದಿಂದ. ಎಬೊನೈಟೂ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರೇ ಆದ್ದರಿಂದ ಎಬೊನೈಟ್ ಪೆನ್ನನ್ನೂ ಬೆಳ್ಳಿಯ ಪೆನ್ನನ್ನೂ ಒಂದೇ ಪೆಟ್ಟಿಗೆಯಲ್ಲಿ ಮಲಗಿಸಬಾರದು. ಆದರೆ ಈ ಕಪ್ಪು ದೋಷವೇ? ಚೌಕಟ್ಟಿನ ಗೆರೆಗಳ ತಗ್ಗಿನಲ್ಲಿ ಕಪ್ಪು ಉಳಿದು, ಬೆರಳು ತಾಗುವ ಉಬ್ಬು ಮಾತ್ರ ಬೆಳ್ಳಗಾದಾಗಲೇ ಆ ವಿನ್ಯಾಸಕ್ಕೆ ಕಳೆ ಬರುತ್ತದೆಂಬುದು ನನ್ನ ಅಭಿಪ್ರಾಯ. ಪಾಲಿಶ್ ಬಟ್ಟೆ ಹಿಡಿದು ವಾರಕ್ಕೊಮ್ಮೆ ಉಜ್ಜುವವರಿಗೆ ನನ್ನದು ಸೋಮಾರಿತನದ ಸಮರ್ಥನೆಯಂತೆ ಕಾಣುತ್ತದೆ. ಹಿತ್ತಾಳೆಯ ವಿಷಯದಲ್ಲೂ ಇದೇ ಜಗಳ: ತಾಮ್ರ ಸತುಗಳ ಆ ಮಿಶ್ರಲೋಹ ಕಂದುಬಣ್ಣಕ್ಕೆ ತಿರುಗಿದ್ದೇ ಒಬ್ಬರಿಗೆ ಸೊಗಸು, ಇನ್ನೊಬ್ಬರಿಗೆ ಕಿಲುಬು. ಅಲ್ಯುಮಿನಿಯಮ್ಮಿಗೆ ಈ ಭಾಗ್ಯವಿಲ್ಲ. ಬಣ್ಣ ಹಿಡಿದ ಆಕ್ಸೈಡಿನ ಪದರ ಮೂಲೆಗಳಲ್ಲಿ ಸವೆದರೆ ಒಳಗಿನ ಬಿಳಿ ಇಣುಕುತ್ತದೆ, ಅಷ್ಟೆ. ಸ್ಟೀಲು ಗೀರುಗಳನ್ನು ಕೂಡಿಹಾಕಿಕೊಳ್ಳುತ್ತದೆ, ಬಣ್ಣ ಬದಲಿಸುವುದಿಲ್ಲ. ಹಾಗೆಯೇ, ಅರಗಿನ ಹೊಳಪಿನ ಪೆನ್ನೊಂದನ್ನು ‘ಲೋಹದ್ದಲ್ಲ’ ಎಂದು ಪಟ್ಟಿಯಿಂದ ತೆಗೆದಿದ್ದೀರಲ್ಲ, ಅದರ ಮುಚ್ಚಳದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಲ್ಯಾಕರ್ ಬಳಿದ ಪೆನ್ನುಗಳಲ್ಲಿ ಬಹಳಷ್ಟರ ಒಡಲು ಹಿತ್ತಾಳೆಯೇ.

ಈಗ ಸಂಗ್ರಹದ ಮಾತು. ಏನನ್ನು ಕೂಡಿಡಬೇಕೆಂದು ಕೇಳಿದ್ದೀರಿ. ಒಬ್ಬರು ಒಂದೇ ಮಾದರಿಯ ಎಲ್ಲ ಲೋಹ, ಎಲ್ಲ ಬಣ್ಣಗಳನ್ನು ಹುಡುಕುತ್ತಾರೆ, ಇನ್ನೊಬ್ಬರಿಗೆ ವಿನ್ಯಾಸಕಾರನೇ ಮುಖ್ಯ. ಮಾರ್ಕೊ ಜನೂಸೊ ರೂಪಿಸಿದ ಅರೋರಾ ಹಾಸ್ಟಿಲ್, 1970ರ ಆ ನೀಳ ಕೊಳವೆಯಂಥ ಪೆನ್ನು, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ; ಅದನ್ನು ಕಣ್ಣಿಗಾಗಿ ಕೊಂಡವರನ್ನು ನಾನು ಹಳಿಯಲಾರೆ. ನನ್ನ ಹುಚ್ಚು ಬೇರೆ. ಹಿಂದಿನ ಒಡೆಯರ ಹೆಸರಿನ ಅಕ್ಷರ ಕೊರೆದಿರುವ, ಮುಚ್ಚಳದಲ್ಲಿ ಒಂದು ತಗ್ಗು ಬಿದ್ದಿರುವ ಲೋಹದ ಪೆನ್ನುಗಳೇ ನನಗೆ ಬೇಕು. ಇವೆರಡೂ ಬೆಲೆಯನ್ನು ಇಳಿಸುತ್ತವೆ. ನನಗೆ ಅದರಿಂದ ಅನುಕೂಲವೇ ಆಗಿದೆ. ಪ್ಲಾಸ್ಟಿಕ್ಕು ಬಿದ್ದರೆ ಬಿರಿಯುತ್ತದೆ, ಲೋಹ ಬಿದ್ದರೆ ತಗ್ಗಾಗಿ ಆ ದಿನವನ್ನು ನೆನಪಿಟ್ಟುಕೊಳ್ಳುತ್ತದೆ.

ಕೊಳ್ಳುವ ಮೊದಲು ಒಂದು ಎಚ್ಚರ. ಚಿತ್ರದಲ್ಲಿ ಕಂಡ ಪೆನ್ನು ದೂರದ ಬೆಟ್ಟದಂತೆ, ನುಣ್ಣಗೇ ಕಾಣುತ್ತದೆ. 1963ರಲ್ಲಿ ಮೊದಲು ಬಂದ ಪೈಲಟ್ ಕ್ಯಾಪ್‌ಲೆಸ್ ಪೆನ್ನನ್ನೇ ನೋಡಿ. ಮುಚ್ಚಳವಿಲ್ಲದ, ನಿಬ್ಬು ಒಳಗೆ ಹೊರಗೆ ಆಡುವ ಅದ್ಭುತ ಯಂತ್ರ. ಆದರೆ ಅದರ ಕ್ಲಿಪ್ಪಿರುವುದು ಬೆರಳು ಹಿಡಿಯುವ ಜಾಗದಲ್ಲೇ. ಕೆಲವರ ಬೆರಳಿಗೆ ಅದು ದಾರಿ ತೋರಿಸುವ ಕಂಬಿ, ಕೆಲವರಿಗೆ ಕಾಲಲ್ಲಿ ನೆಟ್ಟ ಮುಳ್ಳು. ಯಾವ ಚಿತ್ರವೂ ಯಾವ ಅಂಕವೂ ನೀವು ಈ ಎರಡರಲ್ಲಿ ಯಾವ ಕಡೆಯವರೆಂದು ಹೇಳಲಾರದು. ಯಾರಿಂದಲಾದರೂ ಎರವಲು ಪಡೆದು ನಾಲ್ಕು ಪುಟ ಬರೆಯಿರಿ.

ಕರಡನ್ನು ಹರಿದುಹಾಕಬೇಡಿ. ಅಂಕಗಳ ಕೋಷ್ಟಕವನ್ನಷ್ಟೇ ತೆಗೆದು, ಒಂದೊಂದು ಪೆನ್ನಿನಲ್ಲೂ ಅದರ ಬಗೆಗಿನ ಭಾಗವನ್ನು ಹೊಸದಾಗಿ ಬರೆದು ನೋಡಿ: ಸ್ಟೀಲಿನ ಪೆನ್ನಿನ ಮಾತು ಸ್ಟೀಲಿನ ಪೆನ್ನಿನಿಂದಲೇ, ಬೆಳ್ಳಿಯದು ಬೆಳ್ಳಿಯದರಿಂದಲೇ. ಎಲ್ಲಿ ಕೈ ನೋಯಿತೋ ಅಲ್ಲಿ ಅಂಚಿನಲ್ಲಿ ಒಂದು ಗುರುತು ಹಾಕಿ. ಅಚ್ಚಿನ ಪ್ರತಿ ಬೇಡ, ಆ ಕೈಬರಹದ ಹಾಳೆಗಳನ್ನೇ ನನಗೆ ಕಳಿಸಿ. ಹಾಗೆಯೇ, ಟೈಟೇನಿಯಂ ಪೆನ್ನಿನ ನಿಬ್ಬು ಸಣ್ಣದೋ ಮಧ್ಯಮವೋ ಎಂಬುದನ್ನು ಕರಡಿನಲ್ಲಿ ಎಲ್ಲಿಯೂ ಹೇಳಿಲ್ಲ, ಅದನ್ನೂ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ